ಮಾತಿಲ್ಲದ ಆರು ಜರ್ಮನ್ ಆಲ್ಬಮ್‌ಗಳು: ಯಾವುದನ್ನು ಮೊದಲು ಕೇಳಬೇಕು?

ಕ್ರಾಫ್ಟ್‌ವರ್ಕ್ ಗೊತ್ತು, ಟ್ಯಾಂಜರೀನ್ ಡ್ರೀಮ್ ಗೊತ್ತು, ಕ್ಯಾನ್ ತಂಡದ ಎರಡು ಮೂರು ಆಲ್ಬಮ್‌ಗಳನ್ನೂ ಕೇಳಿ ಆಗಿದೆ. ಇನ್ನು ಮುಂದೇನು? ಎಪ್ಪತ್ತರ ದಶಕದ ಜರ್ಮನ್ ರಾಕ್ ಸಂಗೀತದ ರುಚಿ ಹತ್ತಿದವರೆಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಒಂದು ಷರತ್ತನ್ನೂ ಸೇರಿಸುತ್ತಾರೆ: ಹಾಡುಗಾರಿಕೆ ಬೇಡ, ವಾದ್ಯ ಮಾತ್ರ ಇರಲಿ. ಷರತ್ತು ನ್ಯಾಯವಾದದ್ದೇ. ಆ ಕಾಲದ ಎಷ್ಟೋ ಜರ್ಮನ್ ತಂಡಗಳು ಬಾಯಿ ತೆರೆಯುವವರೆಗೆ ಗಂಧರ್ವಲೋಕದಲ್ಲಿರುತ್ತವೆ; ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಬರೆದ ಪದ್ಯ ಶುರುವಾದ ಕೂಡಲೇ ಧೊಪ್ಪನೆ ನೆಲಕ್ಕೆ ಬೀಳುತ್ತವೆ.

ಹುಡುಕಲು ಹೊರಟರೆ ಹೆಸರುಗಳಿಗೇನೂ ಬರವಿಲ್ಲ. ಹೆಸರು ಹೆಚ್ಚಾದದ್ದೇ ತೊಂದರೆ. ಎಲ್ಲವನ್ನೂ ‘ಕ್ರೌಟ್‌ರಾಕ್’ ಎಂಬ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದಾರೆ. ಜರ್ಮನ್ನರನ್ನು ಎಲೆಕೋಸಿನವರು ಎಂದು ಗೇಲಿ ಮಾಡುತ್ತಿದ್ದ ಯುದ್ಧಕಾಲದ ಬೈಗುಳವನ್ನೇ ಬ್ರಿಟನ್ನಿನ ಪತ್ರಿಕೆಗಳು ಒಂದು ಸಂಗೀತಕ್ಕೆ ಅಂಟಿಸಿದವು. ಆ ಚೀಲದೊಳಗೆ ಜಾಝ್ ಇದೆ, ಧ್ಯಾನವಿದೆ, ಸಿಂಫನಿಯ ಆಡಂಬರವಿದೆ, ಟೇಪು ರೆಕಾರ್ಡರ್ ಹಿಡಿದ ಒಂಟಿ ಗಿಟಾರ್ ವಾದಕನೂ ಇದ್ದಾನೆ. ಒಂದರ ಅಭಿಮಾನಿಗೆ ಇನ್ನೊಂದು ಶುದ್ಧ ಬೇಸರ ತರಿಸಬಹುದು.

ನನ್ನದೇ ಉದಾಹರಣೆ ಹೇಳುತ್ತೇನೆ. ಈ ಆರರಲ್ಲಿ ಅತ್ಯಂತ ನಿಧಾನದ ಆಲ್ಬಮನ್ನು ನಾನು ಮೊದಲು ಕೇಳಿದ್ದು ನಡುಹಗಲಿನಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ, ಒಂದು ಕಿವಿಗೆ ಮಾತ್ರ ಕೇಳಿಸುತ್ತಿದ್ದ ಇಯರ್‌ಫೋನಿನಲ್ಲಿ. ಹತ್ತು ನಿಮಿಷವಾದರೂ ಏನೂ ನಡೆಯಲಿಲ್ಲ ಎಂದು ಬೈದು ಅಳಿಸಿಹಾಕಿದೆ. ಅದೇ ಆಲ್ಬಮನ್ನು ಎಷ್ಟೋ ವರ್ಷಗಳ ನಂತರ ಮಳೆಗಾಲದ ಒಂದು ರಾತ್ರಿ, ವಿದ್ಯುತ್ ಹೋಗಿದ್ದಾಗ, ಮತ್ತೆ ಕೇಳಿದೆ. ಏನೂ ನಡೆಯದಿರುವುದೇ ಅದರ ವಿಷಯವೆಂದು ಆಗ ತಿಳಿಯಿತು. ಆದ್ದರಿಂದ ಯಾವುದು ಶ್ರೇಷ್ಠ ಎಂಬ ಪಂದ್ಯವನ್ನು ಇಲ್ಲಿ ನಡೆಸುವುದಿಲ್ಲ. ನೀವು ಯಾವಾಗ, ಎಲ್ಲಿ, ಎಷ್ಟು ತಾಳ್ಮೆಯಿಂದ ಕೇಳುವವರು ಎಂಬುದನ್ನು ನೋಡಿ ತೂಗುತ್ತೇನೆ.

ತೂಕದ ಬಟ್ಟುಗಳು

ಮೊದಲ ಬಟ್ಟು, ಸಂಗೀತ ಹೇಗೆ ಮುಂದೆ ಸಾಗುತ್ತದೆ ಎಂಬುದು. ನಮ್ಮ ಕಿವಿಗೆ ಗೊತ್ತಿರುವ ನಾಲ್ಕು ನಡಿಗೆಗಳನ್ನು ಸಾಲ ತೆಗೆದುಕೊಳ್ಳುತ್ತೇನೆ. ಆಲಾಪನೆ: ಒಂದು ಸ್ವರಗುಚ್ಛದಿಂದ ಹೊರಟು ಮೆಲ್ಲಗೆ ಬೆಳೆಯುವುದು. ತನಿ ಆವರ್ತನ: ಲೆಕ್ಕಾಚಾರ, ಲಯದ ಜಗಳ. ಭಜನೆ: ಒಂದೇ ಸಾಲು ಸುತ್ತಿ ಸುತ್ತಿ ಬಂದು ಮೈಮರೆಸುವುದು. ಕೃತಿ: ಮೊದಲೇ ಬರೆದಿಟ್ಟ, ತಿದ್ದಿ ತೀಡಿದ ರಚನೆ. ಇದು ಕಿವಿಗೊಂದು ಗುರುತು ಮಾತ್ರ. ಈ ಜರ್ಮನ್ನರಲ್ಲಿ ಹೆಚ್ಚಿನವರು ನಮ್ಮ ಸಂಗೀತ ಕಲಿತವರೇನಲ್ಲ.

ಎರಡನೆಯದು, ಮಾರನೆಯ ದಿನ ಸ್ನಾನ ಮಾಡುವಾಗ ಗುನುಗಲು ಏನಾದರೂ ಉಳಿಯುತ್ತದೆಯೇ? ವಿಮರ್ಶಕರು ಈ ಪ್ರಶ್ನೆಯನ್ನು ಕೇಳುವುದಿಲ್ಲ, ಮನುಷ್ಯರು ಕೇಳುತ್ತಾರೆ.

ಮೂರನೆಯದು, ಎಷ್ಟು ಗಮನ ಬೇಡುತ್ತದೆ ಎಂಬುದು. ಕೆಲಸ ಮಾಡುತ್ತಾ ಕೇಳಬಹುದೇ, ಕಣ್ಣು ಮುಚ್ಚಿ ಕೂರಬೇಕೇ?

ಕೊನೆಯದು ದುಡ್ಡು. ಹಣದ ಮಾತು ಕೊನೆಗೆ ಬರುತ್ತದೆಯಾದರೂ ಒಂದು ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ: ಕೇಳುವುದಕ್ಕೂ ಕೊಳ್ಳುವುದಕ್ಕೂ ಸಂಬಂಧವಿಲ್ಲ. ಕೊಳ್ಳಲು ಅತಿ ಚೆಂದದ ಗ್ರಾಮಫೋನ್ ತಟ್ಟೆ ಬೇರೆ, ಕೇಳಲು ಅತಿ ಚೆಂದದ ಸಂಗೀತ ಬೇರೆ ಆಗಬಹುದು.

ಅಜಿಟೇಷನ್ ಫ್ರೀ: ‘ಸೆಕೆಂಡ್’ (1973)

ಒಂದೇ ಒಂದನ್ನು ಕೇಳುವಷ್ಟು ಪುರುಸೊತ್ತು ಇರುವವರಿಗೆ ನಾನು ಇದನ್ನೇ ಕೊಡುತ್ತೇನೆ. ಹಾಗಾಗಿ ಇದರ ಬಗ್ಗೆ ತುಸು ಹೆಚ್ಚು ಮಾತು.

ಇವರು ಪಶ್ಚಿಮ ಬರ್ಲಿನ್ನಿನ ಹುಡುಗರು. ಸ್ವಿಟ್ಜರ್ಲೆಂಡಿನ ಸಂಗೀತ ಸಂಯೋಜಕ ಥಾಮಸ್ ಕೆಸ್ಲರ್ ಅಲ್ಲಿ ಯುವ ತಂಡಗಳಿಗಾಗಿ ಒಂದು ಸ್ಟುಡಿಯೊ ನಡೆಸುತ್ತಿದ್ದರು. ಅಲ್ಲಿ ಪಳಗಿದ ತಂಡಗಳಲ್ಲಿ ಟ್ಯಾಂಜರೀನ್ ಡ್ರೀಮ್ ಒಂದು, ಆಶ್ ರಾ ಟೆಂಪಲ್ ಇನ್ನೊಂದು, ಅಜಿಟೇಷನ್ ಫ್ರೀ ಮತ್ತೊಂದು. ಇವರ ಮೊದಲ ಡ್ರಮ್ಮರ್ ಕ್ರಿಸ್ಟೋಫರ್ ಫ್ರಾಂಕೆ ಟ್ಯಾಂಜರೀನ್ ಡ್ರೀಮ್‌ಗೆ ಹೋಗಿ ಜಗದ್ವಿಖ್ಯಾತನಾದ. ಉಳಿದವರು 1972ರಲ್ಲಿ ಜರ್ಮನಿಯ ಸಾಂಸ್ಕೃತಿಕ ಸಂಸ್ಥೆಯಾದ ಗಯಟೆ ಇನ್‌ಸ್ಟಿಟ್ಯೂಟಿನ ನೆರವಿನಿಂದ ಈಜಿಪ್ಟ್, ಲೆಬನಾನ್, ಸೈಪ್ರಸ್, ಗ್ರೀಸ್ ಸುತ್ತಿದರು. ಹೋದಲ್ಲೆಲ್ಲ ಬೀದಿಯ ಸದ್ದುಗಳನ್ನು ಟೇಪಿನಲ್ಲಿ ಹಿಡಿದು ತಂದು, ಅದೇ ವರ್ಷ ‘ಮಾಲೆಶ್’ ಎಂಬ ಮೊದಲ ಆಲ್ಬಮಿನಲ್ಲಿ ಹೆಣೆದರು. ಮಾಲೆಶ್ ಎಂದರೆ ಈಜಿಪ್ಟಿನ ಆಡುಮಾತಿನಲ್ಲಿ ‘ಹೋಗಲಿ ಬಿಡಿ, ಪರವಾಗಿಲ್ಲ’.

ಹೆಸರು ಮಾಡಿದ್ದು ‘ಮಾಲೆಶ್’. ಪಟ್ಟಿಗಳಲ್ಲಿ ಕಾಣುವುದೂ ಅದೇ. ಆದರೂ ನಾನು ಎರಡನೆಯದನ್ನು ಮುಂದಿಡುತ್ತೇನೆ. ‘ಮಾಲೆಶ್’ ಒಂದು ಪ್ರವಾಸದ ದಿನಚರಿ. ಕೈರೋದ ಸಂತೆಯ ಗದ್ದಲ ಅದರಲ್ಲಿ ಸಂಗೀತದಷ್ಟೇ ಮುಖ್ಯ. ‘ಸೆಕೆಂಡ್’ ಆ ಪ್ರವಾಸ ಮುಗಿಸಿ ಮನೆಗೆ ಬಂದವರ ಸಂಗೀತ. ಕಂಡದ್ದನ್ನು ತೋರಿಸುವ ಆತುರ ಇಳಿದಿದೆ. ಲುಟ್ಸ್ ಉಲ್‌ಬ್ರಿಷ್ ಮತ್ತು ಸ್ಟೆಫಾನ್ ಡೀಟ್ಸ್ ಅವರ ಎರಡು ಗಿಟಾರ್‌ಗಳು ಒಂದನ್ನೊಂದು ತುಳಿಯದೆ, ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಬಂದು ಕೂತು, ಹಳೆಯ ಸ್ನೇಹಿತರ ಹಾಗೆ ಮಾತಾಡುತ್ತವೆ. ಹಿಂದೆ ಮೈಕೆಲ್ ಹೋನಿಗ್ ಅವರ ಸಿಂಥಸೈಜರ್ ಮಂಜಿನಂತೆ ಹಬ್ಬಿಕೊಂಡಿರುತ್ತದೆ.

‘ಲೈಲಾ’ ಎಂಬ ಎರಡು ಭಾಗಗಳ ರಚನೆಯನ್ನು ಕೇಳಿ. ಮೊದಲ ಭಾಗ ಎರಡು ನಿಮಿಷಕ್ಕೂ ಕಡಿಮೆ, ಪೀಠಿಕೆ ಅಷ್ಟೇ. ಎರಡನೆಯದರಲ್ಲಿ ಬಾಸ್ ಮತ್ತು ಡ್ರಮ್ಸ್ ಒಂದು ನಡೆಯನ್ನು ಹಿಡಿದು ಬಿಡದೆ ಸಾಗುತ್ತವೆ. ಅದರ ಮೇಲೆ ಗಿಟಾರ್ ಒಂದೇ ಎಳೆಯನ್ನು ನಾನಾ ಬಗೆಯಲ್ಲಿ ಬಿಚ್ಚುತ್ತದೆ. ಅಮೆರಿಕದ ಆಲ್‌ಮನ್ ಬ್ರದರ್ಸ್ ಕೇಳಿದವರಿಗೆ ದೂರದ ಸಂಬಂಧಿಕನನ್ನು ಕಂಡಂತಾಗುತ್ತದೆ. ‘ಎ ಕ್ವೈಟ್ ವಾಕ್’ ಹೆಸರಿಗೆ ತಕ್ಕಂತೆ ಸುಮ್ಮನೆ ಹೊರಡುತ್ತದೆ, ನಡುವೆ ಎಲ್ಲಿಂದಲೋ ಗ್ರೀಕರ ಬುಝೂಕಿ ವಾದ್ಯ ಬಂದು ಸೇರಿಕೊಳ್ಳುತ್ತದೆ. ಇಲ್ಲಿ ಪ್ರವಾಸದ ನೆನಪು ವಾಸನೆಯಷ್ಟೇ ಉಳಿದಿದೆ.

ನಡಿಗೆ ಆಲಾಪನೆಯದು. ಗುನುಗಲು ಧಾರಾಳವಾಗಿ ಸಿಗುತ್ತದೆ. ಕೆಲಸ ಮಾಡುತ್ತಾ ಕೇಳಿದರೂ ಮುನಿಸಿಕೊಳ್ಳುವುದಿಲ್ಲ, ಕೂತು ಕೇಳಿದರೆ ಇನ್ನಷ್ಟು ಕೊಡುತ್ತದೆ. ಕೊರತೆ ಎಂದರೆ, ಕೊನೆಯ ‘ಹಾಂಟೆಡ್ ಐಲೆಂಡ್’ನಲ್ಲಿ ಯಂತ್ರದಲ್ಲಿ ವಿರೂಪಗೊಳಿಸಿದ ಕಂಠವೊಂದು ಇಣುಕುತ್ತದೆ. ವಾದ್ಯ ಮಾತ್ರ ಬೇಕೆಂದು ಹಟ ಹಿಡಿದವರು ಅಲ್ಲಿಗೆ ನಿಲ್ಲಿಸಬಹುದು. ಇನ್ನು ಬಿರುಸು, ಆಘಾತ, ತಲೆತಿರುಗಿಸುವ ತಿರುವು ಬಯಸುವವರಿಗೆ ಇದು ತೀರ ಸಂಭಾವಿತ ಸಂಗೀತ ಎನಿಸೀತು.

ಕೊಲೆಕ್ಟಿವ್: ‘ಕೊಲೆಕ್ಟಿವ್’ (1973)

ಈ ಆರರಲ್ಲಿ ಅನ್ಯಾಯಕ್ಕೊಳಗಾದದ್ದು ಇದು. ಡ್ಯೂಸೆಲ್‌ಡಾರ್ಫ್ ಪಕ್ಕದ ಕ್ರೇಫೆಲ್ಡ್ ಎಂಬ ರೇಷ್ಮೆಯ ಊರಿನ ನಾಲ್ವರು: ಕೊಳಲು ಮತ್ತು ಸ್ಯಾಕ್ಸೋಫೋನಿಗೆ ಕ್ಲೌಸ್ ಡಾಪರ್, ಗಿಟಾರಿಗೆ ಯೂರ್ಗನ್ ಹಾವಿಕ್ಸ್, ಬಾಸ್ ಮತ್ತು ಡ್ರಮ್ಸಿಗೆ ಕಾರ್ಪೆನ್‌ಕೀಲ್ ಸಹೋದರರು. ಧ್ವನಿಮುದ್ರಣದ ಮೇಜಿನ ಹಿಂದೆ ಕೋನಿ ಪ್ಲಾಂಕ್. ನೋಯ್!, ಕ್ಲಸ್ಟರ್, ಕ್ರಾಫ್ಟ್‌ವರ್ಕ್ ತಂಡಗಳ ಆರಂಭದ ಆಲ್ಬಮ್‌ಗಳ ಧ್ವನಿಯನ್ನು ರೂಪಿಸಿದವರು ಅವರೇ. ಆ ತಂಡಗಳ ಮೇಲೆ ಪುಸ್ತಕಗಳೇ ಬಂದಿವೆ, ಕೊಲೆಕ್ಟಿವ್ ಅಡಿಟಿಪ್ಪಣಿಯಲ್ಲಿ ಉಳಿಯಿತು.

ಏಕಿರಬಹುದು? ನನ್ನ ಊಹೆ ಇದು: ಇವರನ್ನು ಯಾವ ಗೂಟಕ್ಕೆ ಕಟ್ಟಬೇಕೆಂದು ಯಾರಿಗೂ ಹೊಳೆಯಲಿಲ್ಲ. ಜಾಝ್ ಅಭಿಮಾನಿಗೆ ಇದು ರಾಕ್, ರಾಕ್ ಅಭಿಮಾನಿಗೆ ಇದು ಜಾಝ್. ಕೊಳಲನ್ನು ವಿದ್ಯುತ್ ಯಂತ್ರಗಳ ಮೂಲಕ ಹಾಯಿಸಿ, ಅದರ ಉಸಿರನ್ನೇ ಪ್ರತಿಧ್ವನಿಸುವಂತೆ ಮಾಡಿದ್ದಾರೆ. ಹಲವು ಕಡೆ ನುಡಿಯುತ್ತಿರುವುದು ಕೊಳಲೋ ಗಿಟಾರೋ ಎಂದು ತಿಳಿಯುವುದಿಲ್ಲ. ‘ರಾಂಬೊ ಝಾಂಬೊ’ ಎಂಬ ಮೊದಲ ರಚನೆ ಹನ್ನೊಂದು ನಿಮಿಷಕ್ಕೂ ಹೆಚ್ಚು. ಜರ್ಮನ್ ಆಡುಮಾತಿನಲ್ಲಿ ಈ ಪದಕ್ಕೆ ಗದ್ದಲ, ಗಲಾಟೆ, ಕುಣಿದಾಟ ಎಂಬ ಅರ್ಥ. ಸಂಗೀತ ಮಾತ್ರ ಗದ್ದಲವಲ್ಲ. ಒಂದು ಲಯ ಹಿಡಿದು ಕೂತು ನಗುನಗುತ್ತಾ ಬಿಸಿಯೇರುತ್ತದೆ. ಮುಂದಿನ ‘ಬಾಲ್ಡ್ರಿಯಾನ್’ ನಿದ್ದೆಗೆಂದು ಕೊಡುವ ಒಂದು ಗಿಡಮೂಲಿಕೆಯ ಹೆಸರು, ಸಂಗೀತವೂ ಅದಕ್ಕೆ ತಕ್ಕಂತೆ ಕಣ್ಣು ಎಳೆಯುತ್ತದೆ. ಎರಡನೆಯ ಬದಿಯನ್ನು ತುಂಬಿದ ‘ಗಾಗೆಗ್’ ಮೂರು ತುಂಡುಗಳಲ್ಲಿ ಶಿಸ್ತಿನಿಂದ ಹೊರಟು ಕಡೆಗೆ ಶಿಸ್ತಿನ ಗುಂಡಿಗಳನ್ನೆಲ್ಲ ಬಿಚ್ಚಿಕೊಳ್ಳುತ್ತದೆ.

ನಡಿಗೆ ತನಿ ಮತ್ತು ಆಲಾಪನೆಗಳ ನಡುವೆ. ಗುನುಗಲು ಮೊದಲ ಬದಿಯಲ್ಲಿ ಸಿಗುತ್ತದೆ, ಎರಡನೆಯ ಬದಿಯಲ್ಲಿ ಹುಡುಕಬೇಕು. ಸ್ಪೀಕರಿನಲ್ಲಿ ಚೆನ್ನಾಗಿದೆ, ಹೆಡ್‌ಫೋನಿನಲ್ಲಿ ಬೇರೆಯೇ ಆಗಿದೆ: ಪ್ಲಾಂಕ್ ಅವರ ಕೈಚಳಕ, ವಾದ್ಯಗಳ ನಡುವೆ ಅವರು ಬಿಟ್ಟ ಗಾಳಿ, ಹೆಡ್‌ಫೋನಿನಲ್ಲೇ ಕಾಣಬೇಕು. ಜಾಝ್ ಅಂದರೆ ಹಿಂಜರಿಯುವವರು ಅಜಿಟೇಷನ್ ಫ್ರೀ ಕೇಳಿದ ಮೇಲೆ ಇದಕ್ಕೆ ಬನ್ನಿ. ಜಾಝ್ ಇಷ್ಟವಾಗುವವರು ನೇರವಾಗಿ ಇಲ್ಲಿಗೇ ಬರಬಹುದು. ‘ಸೆಕೆಂಡ್’ ಎಲ್ಲರೂ ಮೆಚ್ಚುವ ಆಲ್ಬಮ್ ಎಂದು ನನಗೆ ಭರವಸೆಯಿದೆ, ಆದರೆ ನಾನು ಮತ್ತೆ ಮತ್ತೆ ತಿರುಗಿಹೋಗುವುದು ಕೊಲೆಕ್ಟಿವ್ ಕಡೆಗೆ. ಇದು ಪಕ್ಷಪಾತ, ಒಪ್ಪಿಕೊಳ್ಳುತ್ತೇನೆ.

ಡ್ಜ್ಯಾನ್: ‘ಎಲೆಕ್ಟ್ರಿಕ್ ಸೈಲೆನ್ಸ್’ (1974)

ಹೆಸರು ಬ್ಲಾವಟ್ಸ್ಕಿಯವರ ಥಿಯಾಸಫಿ ಬರಹಗಳಲ್ಲಿ ಬರುವ ‘ಡ್ಜ್ಯಾನ್’ ಎಂಬ ಪದದ್ದು. ತಂಡದ ಸದಸ್ಯರು ಬದಲಾಗುತ್ತಾ ಬಂದು ಕೊನೆಗೆ ಉಳಿದದ್ದು ಮೂವರು: ಗಿಟಾರಿಗೆ ಎಡ್ಡಿ ಮ್ಯಾರನ್, ಬಾಸಿಗೆ ರೈನ್‌ಹಾರ್ಡ್ ಕಾರ್ವಾಟ್ಕಿ, ಡ್ರಮ್ಸಿಗೆ ಪೀಟರ್ ಗೀಗರ್. ಈ ಮೂವರು 1973ರಲ್ಲಿ ‘ಟೈಮ್ ಮೆಷೀನ್’ ಮಾಡಿದರು, ಮರುವರ್ಷ ಇದನ್ನು. ಎರಡರ ನಡುವೆ ಆಯ್ಕೆ ಸುಲಭ. ಕಠಿಣವಾದ, ಬೆವರಿಳಿಸುವ ಜಾಝ್-ರಾಕ್ ಬೇಕಾದರೆ ‘ಟೈಮ್ ಮೆಷೀನ್’. ಬಣ್ಣ ಬೇಕಾದರೆ ‘ಎಲೆಕ್ಟ್ರಿಕ್ ಸೈಲೆನ್ಸ್’. ಇಲ್ಲಿ ಸಿತಾರ್ ಇದೆ, ತಂಬೂರಿ ಇದೆ, ತುರ್ಕಿಯ ಸಾಝ್ ಇದೆ, ಮೆಲೊಟ್ರಾನ್ ಎಂಬ ಟೇಪಿನ ಕೀಬೋರ್ಡ್ ಇದೆ.

ಸಿತಾರ್ ಎಂದ ಕೂಡಲೇ ನಮ್ಮವರ ಮುಖ ಸೊಟ್ಟಗಾಗುವುದನ್ನು ಬಲ್ಲೆ. ಆ ಕಾಲದ ಪಾಶ್ಚಾತ್ಯ ರಾಕ್ ತಂಡಗಳು ಸಿತಾರನ್ನು ಊದಿನಕಡ್ಡಿಯ ಹಾಗೆ ಬಳಸುತ್ತಿದ್ದವು: ಹಚ್ಚಿಟ್ಟರೆ ಸಾಕು, ಪೂರ್ವದೇಶದ ಪರಿಮಳ. ಡ್ಜ್ಯಾನ್ ಆ ತಪ್ಪನ್ನು ಪೂರ್ತಿ ಮಾಡುವುದಿಲ್ಲ. ಇವರಿಗೆ ಲಯದ ಹುಚ್ಚು ನಿಜವಾದದ್ದು, ಮಾತ್ರೆಗಳನ್ನು ಮುರಿದು ಜೋಡಿಸುವುದರಲ್ಲಿ ಮೋಜು ಕಾಣುವವರು. ‘ಖಾಲಿ’ ಎಂಬ ರಚನೆಯಲ್ಲಿ ಸಿತಾರ್ ಮುಂದೆ ಬರುತ್ತದೆ. ಆ ಹೆಸರನ್ನು ದೇವಿಯ ಹೆಸರೆಂದು ಓದುವವರು ಓದಲಿ, ಹಿಂದುಸ್ತಾನಿ ತಾಳದ ಖಾಲಿ ಎಂದು ಓದಿಕೊಳ್ಳುವುದು ನನಗೆ ಇಷ್ಟ. ರಾಗಶುದ್ಧಿ ಹುಡುಕಿದರೆ ಕೋಪ ಬರುತ್ತದೆ. ತೋಟಕ್ಕೆ ನುಗ್ಗಿದ ಮಕ್ಕಳ ಆಟವೆಂದು ಕೇಳಿದರೆ ಸೊಗಸಾಗಿದೆ.

ತಾಳ ಹಾಕುತ್ತಾ ಕೇಳುವ ಅಭ್ಯಾಸವಿರುವವರಿಗೆ, ಕಚೇರಿಯಲ್ಲಿ ತನಿ ಶುರುವಾದಾಗ ಕಾಫಿಗೆ ಎದ್ದು ಹೋಗದವರಿಗೆ, ನನ್ನ ಮೊದಲ ಆಯ್ಕೆ ಇದು. ಉಳಿದವರಿಗೆ ಎಚ್ಚರಿಕೆ: ಗುನುಗಲು ಬಹಳ ಕಡಿಮೆ. ಹಿನ್ನೆಲೆಯಲ್ಲಿ ಹಾಕಿದರೆ ಮನೆಯವರು ಯಾವುದೋ ಪಾತ್ರೆ ಬಿತ್ತೆಂದು ಅಡುಗೆಮನೆಗೆ ಓಡಬಹುದು.

ಇಲ್ಲಿ ಒಂದು ಪಕ್ಕದ ದಾರಿ. ಜರ್ಮನ್ ರಾಕ್ ತಂಡಗಳು ನಿಜವಾಗಿ ಕರ್ನಾಟಕ ಲಯದ ಜೊತೆ ಕೂತು ನುಡಿಸಿದ್ದು ಬೇಕೆಂದರೆ ಆ ಕಥೆ ಬೆಂಗಳೂರಿಗೇ ಬರುತ್ತದೆ. ಮ್ಯೂನಿಕ್‌ನ ಎಂಬ್ರಿಯೊ ತಂಡ 1978ರಲ್ಲಿ ಬಸ್ಸಿನಲ್ಲಿ ಭೂಮಾರ್ಗವಾಗಿ ಭಾರತಕ್ಕೆ ಹೊರಟಿತು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಕಲಾವಿದರೊಂದಿಗೆ ನುಡಿಸಿತು. ಎಂಬ್ರಿಯೊದಿಂದ ಒಡೆದು ಬಂದ ಡಿಸಿಡೆಂಟನ್ ತಂಡದ ‘ಜರ್ಮನಿಸ್ತಾನ್’ (1982), ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಇಸಿಎಂ ಕಂಪನಿಗೆ ಮಾಡಿದ ‘ಜ್ಯೋತಿ’ (1983), ಎರಡರಲ್ಲೂ ಆ ಬೆಂಗಳೂರಿನ ತಂಡವಿದೆ. ‘ಜ್ಯೋತಿ’ಯಲ್ಲಿ ಆರ್.ಎ. ರಮಾಮಣಿಯವರ ಕಂಠವಿರುವುದರಿಂದ ನಮ್ಮ ಇವತ್ತಿನ ಷರತ್ತಿಗೆ ಅದು ಒಗ್ಗುವುದಿಲ್ಲ. ಷರತ್ತನ್ನು ಮುರಿಯಲು ಅದಕ್ಕಿಂತ ಒಳ್ಳೆಯ ಕಾರಣವೂ ಸಿಗುವುದಿಲ್ಲ.

ಯಥಾ ಸಿದ್ರಾ: ‘ಎ ಮೆಡಿಟೇಷನ್ ಮಾಸ್’ (1974)

ಬಸ್ಸಿನಲ್ಲಿ ಬೈದು ಅಳಿಸಿಹಾಕಿದೆ ಎಂದೆನಲ್ಲ, ಆ ಆಲ್ಬಮ್ ಇದೇ. ತಂಡದ ಹೆಸರು ನೋಡಿ ಸಂಸ್ಕೃತ ಬಲ್ಲವರು ನಿಘಂಟು ತೆಗೆಯಬೇಡಿ. ‘ಯಥಾ’ ಸಿಗುತ್ತದೆ, ‘ಸಿದ್ರಾ’ ಸಿಗುವುದಿಲ್ಲ. ರಾಲ್ಫ್ ಮತ್ತು ಕ್ಲೌಸ್ ಫಿಖ್ಟರ್ ಎಂಬ ಅಣ್ಣತಮ್ಮಂದಿರ ತಂಡವಿದು. ಮಾಡಿದ್ದು ಇದೊಂದೇ ಆಲ್ಬಮ್. ಹ್ಯಾಂಬರ್ಗಿನ ಹಳೆಯ ಬೀಟ್ ತಂಡ ರಾಟಲ್ಸ್‌ನಲ್ಲಿ ಹಾಡುತ್ತಿದ್ದ ಆಕಿಮ್ ರೈಶೆಲ್ ಇದರ ನಿರ್ಮಾಪಕರು. ನಲವತ್ತು ನಿಮಿಷದ ಒಂದೇ ರಚನೆ, ನಾಲ್ಕು ಭಾಗ. ಮೊದಲ ಭಾಗವೇ ಹದಿನೇಳು ನಿಮಿಷ ದಾಟುತ್ತದೆ.

ಕೊಳಲು, ವೈಬ್ರಫೋನ್, ಮೂಗ್ ಸಿಂಥಸೈಜರ್, ಮೆಲುವಾದ ಗಿಟಾರ್, ಸುತ್ತಿ ಸುತ್ತಿ ಬರುವ ಬಾಸ್. ಭಜನೆಯ ನಡಿಗೆ, ಆದರೆ ಚಪ್ಪಾಳೆಯ ಭಜನೆಯಲ್ಲ, ಎಲ್ಲರೂ ಹೋದ ಮೇಲೆ ಒಬ್ಬನೇ ಕೂತು ಗುನುಗುವ ಬಗೆಯದು. ಮೂರನೆಯ ಭಾಗದಲ್ಲಿ ಮಾತ್ರ ತುಸು ಜಾಝ್ ಬಿಸಿಯೇರಿ ಮತ್ತೆ ಆರುತ್ತದೆ. ಅಲ್ಲಲ್ಲಿ ಮಂತ್ರದಂಥ ಕಂಠವೊಂದು ಸುಳಿದು ಹೋಗುತ್ತದೆ. ಅದನ್ನು ಇನ್ನೊಂದು ವಾದ್ಯವೆಂದೇ ಎಣಿಸಬಹುದು. ರಾತ್ರಿ, ಒಬ್ಬರೇ, ದೀಪ ಆರಿಸಿ. ಬೇರೆ ಹೊತ್ತಿನಲ್ಲಿ ಇದನ್ನು ಕೇಳಿ ತೀರ್ಪು ಕೊಡಬೇಡಿ, ನಾನು ಕೊಟ್ಟು ಕೆಟ್ಟವನು.

ಶಿಕೆ, ಫ್ಯೂರ್ಸ್, ಫ್ರೋಲಿಂಗ್: ‘ಸಿಂಫೋನಿಕ್ ಪಿಕ್ಚರ್ಸ್’ (1976)

ಇಲ್ಲಿಯವರೆಗಿನವರೆಲ್ಲ ನುಡಿಸುತ್ತಾ ಹುಡುಕುವವರು. ಈ ಮೂವರು ಹುಡುಕಿ ಮುಗಿಸಿ, ಬರೆದಿಟ್ಟು, ತಿದ್ದಿ, ಆಮೇಲೆ ನುಡಿಸಿದವರು. ಇಂಗ್ಲೆಂಡಿನ ಯೆಸ್, ಜೆನೆಸಿಸ್, ಎಮರ್ಸನ್ ಲೇಕ್ ಅಂಡ್ ಪಾಮರ್ ಕೇಳಿ ಬೆಳೆದವರಿಗೆ ಆರರಲ್ಲಿ ಅತಿ ಹತ್ತಿರದ ನೆಂಟ ಇದೇ. ಎಡ್ವರ್ಡ್ ಶಿಕೆ ಡ್ರಮ್ಸ್. ಗೆರ್ಹಾರ್ಡ್ ಫ್ಯೂರ್ಸ್ ಕೀಬೋರ್ಡ್. ಹೈಂಜ್ ಫ್ರೋಲಿಂಗ್ ಗಿಟಾರನ್ನೂ ಬಾಸನ್ನೂ ನುಡಿಸುತ್ತಾ ಮೆಲೊಟ್ರಾನಿಗೂ ಕೈ ಹಾಕುತ್ತಾರೆ. ನಿರ್ಮಾಪಕರು ಡೀಟರ್ ಡಿಯರ್ಕ್ಸ್.

ಮೆಲೊಟ್ರಾನಿನ ಬಗ್ಗೆ ಒಂದು ಮಾತು, ಏಕೆಂದರೆ ಈ ಆಲ್ಬಮಿನ ಜೀವ ಅದರಲ್ಲಿದೆ. ನೋಡಲು ಚಿಕ್ಕ ಪಿಯಾನೊ. ಪ್ರತಿ ಕೀಲಿಯ ಕೆಳಗೆ ಒಂದೊಂದು ಟೇಪಿನ ತುಂಡು, ಅದರಲ್ಲಿ ಪಿಟೀಲು ಮೇಳದ್ದೋ ಗಾಯನವೃಂದದ್ದೋ ಒಂದು ಸ್ವರ. ಕೀಲಿ ಒತ್ತಿದರೆ ಟೇಪು ಓಡುತ್ತದೆ; ಸುಮಾರು ಎಂಟು ಸೆಕೆಂಡಿಗೆ ಮುಗಿದುಹೋಗುತ್ತದೆ. ಬೆರಳು ತೆಗೆದು ಮತ್ತೆ ಒತ್ತಬೇಕು. ಆ ನಡುಗುವ, ಹಳೆಯ ಸಿನಿಮಾದಿಂದ ಬಂದಂಥ ನಾದವನ್ನು ಈಗಿನ ಕಂಪ್ಯೂಟರುಗಳು ನಕಲು ಮಾಡಿವೆ, ಅದರ ಉಬ್ಬಸವನ್ನು ಮಾಡಲಾಗಿಲ್ಲ.

ಎರಡನೆಯ ಬದಿಯನ್ನು ಆಳುವ ‘ಪಿಕ್ಚರ್ಸ್’ ಹದಿನಾರು ನಿಮಿಷಕ್ಕೂ ಹೆಚ್ಚಿನ ರಚನೆ. ಮೊದಲ ಬದಿಯ ‘ಟಾವೊ’ ಮೆಲೊಟ್ರಾನಿನ ವೈಭವ. ಗುನುಗಲು ಬೇಕಾದಷ್ಟಿದೆ. ಧ್ವನಿಮುದ್ರಣ ಶುಚಿಯಾಗಿದೆ. ನನ್ನ ದೂರು ಒಂದೇ: ಎಲ್ಲವೂ ಅಷ್ಟು ಚೊಕ್ಕವಾಗಿದೆ ಎಂದರೆ ಎರಡನೆಯ ಸಲ ಕೇಳುವಾಗ ಎಲ್ಲಿ ಏನು ಬರುತ್ತದೆಂದು ಗೊತ್ತಿರುತ್ತದೆ, ಐದನೆಯ ಸಲ ಅದೇ ತೊಂದರೆಯಾಗುತ್ತದೆ. ಕೊಲೆಕ್ಟಿವ್ ಐದನೆಯ ಸಲವೂ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತದೆ.

ಮ್ಯಾನುಯೆಲ್ ಗ್ಯೋಟ್‌ಶಿಂಗ್: ‘ಇನ್ವೆನ್ಷನ್ಸ್ ಫಾರ್ ಎಲೆಕ್ಟ್ರಿಕ್ ಗಿಟಾರ್’ (1975)

ಇದು ಪೂರ್ತಿ ಮರೆತುಹೋದ ಆಲ್ಬಮಲ್ಲ, ಹೋಲಿಕೆಗೆಂದು ಸೇರಿಸಿದ್ದೇನೆ. 1974ರ ಬೇಸಿಗೆಯಲ್ಲಿ ಬರ್ಲಿನ್ನಿನಲ್ಲಿ, ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರದ ಮುಂದೆ ಒಬ್ಬನೇ ಗಿಟಾರ್ ಹಿಡಿದು ಕೂತು ಮಾಡಿದ್ದು. ನುಡಿಸಿದ ಸ್ವರವನ್ನು ಇನ್ನೊಂದು ಟೇಪ್ ಯಂತ್ರ ಕ್ಷಣದ ನಂತರ ಹಿಂದಿರುಗಿಸುತ್ತದೆ. ಆ ಮರುದನಿಯ ಮೇಲೆ ಮತ್ತೊಂದು ಸ್ವರ, ಅದರ ಮೇಲೆ ಇನ್ನೊಂದು. ಹೀಗೆ ಒಬ್ಬನೇ ಒಂದು ಮೇಳವಾಗುತ್ತಾನೆ. ಮೂರು ರಚನೆಗಳು, ಕೊನೆಯ ‘ಪ್ಲುರಾಲಿಸ್’ ಇಪ್ಪತ್ತೊಂದು ನಿಮಿಷ. ಡ್ರಮ್ಸ್ ಇಲ್ಲ, ಸಿಂಥಸೈಜರ್ ಇಲ್ಲ, ಕೇಳಿಸುವುದೆಲ್ಲ ಗಿಟಾರ್. ಓದುವಾಗ, ಲೆಕ್ಕ ಬರೆಯುವಾಗ, ರಾತ್ರಿ ರೈಲಿನಲ್ಲಿ ಇದರಷ್ಟು ಒಳ್ಳೆಯ ಸಂಗಾತಿ ಇಲ್ಲ. ರಾಕ್ ತಂಡದ ಕಾವು ಬೇಕಾದವರಿಗೆ ಅಲ್ಲ.

ದುಡ್ಡಿನ ಮಾತು

ಬರೀ ಕೇಳುವುದಾದರೆ ಮೊಬೈಲಿನ ಸಂಗೀತ ಸೇವೆಗಳಲ್ಲಿ ಮೊದಲು ಹುಡುಕಿ. ಅಲ್ಲಿ ಸಿಗದಿದ್ದರೆ ಸಿಡಿ. ಈ ಜಾತಿಯ ಸಂಗೀತಕ್ಕೆ ಸಿಡಿ ಎಂಬ ಮರೆತುಹೋದ ವಸ್ತು ಇವತ್ತಿಗೂ ಅತಿ ಜಾಣತನದ ಖರೀದಿ ಎಂದು ನನ್ನ ನಂಬಿಕೆ. ಹಗುರ, ಅಂಚೆ ವೆಚ್ಚ ಕಡಿಮೆ, ದಾರಿಯಲ್ಲಿ ಬಾಗುವುದಿಲ್ಲ.

ಎಲ್‌ಪಿ ತಟ್ಟೆಯ ಮೋಹವಿದ್ದರೆ ಎರಡು ಮಾರ್ಗ: ಹೊಸದಾಗಿ ಒತ್ತಿದ ಮರುಮುದ್ರಣ, ಇಲ್ಲವೇ ಎಪ್ಪತ್ತರ ದಶಕದ ಮೂಲ ಪ್ರತಿ. ಮೂಲ ಪ್ರತಿಗಳ ಬೆಲೆ ಸಂಗೀತದ ಗುಣವನ್ನು ನೋಡುವುದಿಲ್ಲ, ಲೇಬಲ್ಲನ್ನು ನೋಡುತ್ತದೆ. ಅಜಿಟೇಷನ್ ಫ್ರೀಯ ಎರಡೂ ಆಲ್ಬಮ್‌ಗಳು ಬಂದದ್ದು ವರ್ಟಿಗೊ ಕಂಪನಿಯ ಸುರುಳಿ ಚಿತ್ರದ ಲೇಬಲ್ಲಿನಲ್ಲಿ. ಆ ಸುರುಳಿಯನ್ನೇ ಸಂಗ್ರಹಿಸುವ ಜನ ಜಗತ್ತಿನ ತುಂಬ ಇರುವುದರಿಂದ ಬೆಲೆ ಗಗನದಲ್ಲಿರುತ್ತದೆ. ಕೊಲೆಕ್ಟಿವ್ ಮತ್ತು ಯಥಾ ಸಿದ್ರಾ ಬ್ರೈನ್ ಕಂಪನಿಯವು. ಮೊದಲ ಮುದ್ರಣಕ್ಕೆ ಹಸಿರು ಲೇಬಲ್, ಆ ಹಸಿರಿಗೂ ಬೇಟೆಗಾರರಿದ್ದಾರೆ. ಶಿಕೆ ಫ್ಯೂರ್ಸ್ ಫ್ರೋಲಿಂಗ್ ಕೂಡ ಬ್ರೈನ್‌ನದೇ, ಆದರೆ ತುಸು ತಡವಾಗಿ ಬಂದದ್ದು. ಕಡಿಮೆ ದುಡ್ಡಿಗೆ ಒಂದು ಅಸಲಿ ಜರ್ಮನ್ ತಟ್ಟೆ ಕೈಗೆ ಬರಲಿ ಎನ್ನುವವರು ಹುಡುಕಾಟವನ್ನು ಅಲ್ಲಿಂದ ಶುರುಮಾಡಿ.

ಹಳೆಯ ತಟ್ಟೆ ಮಾರುವವರ ಭಾಷೆಯಲ್ಲಿ ‘ವೆರಿ ಗುಡ್’ ಎಂದರೆ ಬಹಳ ಒಳ್ಳೆಯದು ಎಂದಲ್ಲ. ಚರಚರ ಸದ್ದು ಮಾಡುವಷ್ಟು ಸವೆದಿದೆ ಎಂದು ಅರ್ಥ. ನಾನು ಇದನ್ನು ಕಲಿತದ್ದು ದುಡ್ಡು ಕೊಟ್ಟು. ಹೊರದೇಶದ ಮಾರಾಟಗಾರನೊಬ್ಬ ಕಳಿಸಿದ ತಟ್ಟೆಯ ಮೇಲೆ ಸುಂಕವನ್ನೂ ಕಟ್ಟಿ ಬಿಚ್ಚಿದರೆ, ಕೊಳಲಿನ ಹಿಂದೆ ಒಗ್ಗರಣೆ ಸಿಡಿಯುತ್ತಿತ್ತು. ಡ್ರಮ್ಸ್ ಭರಾಟೆಯಿರುವ ಡ್ಜ್ಯಾನ್ ಆಲ್ಬಮಿನಲ್ಲಿ ಆ ಸಿಡಿತ ಅಷ್ಟಾಗಿ ಕೇಳಿಸುವುದಿಲ್ಲ. ಯಥಾ ಸಿದ್ರಾದಂಥ ಮೌನದ ಅಂಚಿನಲ್ಲಿರುವ ಸಂಗೀತಕ್ಕೆ ಅದು ಮೃತ್ಯು. ಮೇಲಾಗಿ ತಟ್ಟೆಯಲ್ಲಿ ಧ್ಯಾನದ ನಡುವೆ ಎದ್ದು ಬದಿ ತಿರುಗಿಸಬೇಕು. ಅದನ್ನು ಕಣ್ಣುಮುಚ್ಚಿ ಸಿಡಿಯಲ್ಲೇ ಕೊಳ್ಳಿ. ಹೊದಿಕೆಯ ಚಿತ್ರಕ್ಕಾಗಿಯೇ ತಟ್ಟೆ ಕೊಳ್ಳುವವರಿಗೆ ‘ಎಲೆಕ್ಟ್ರಿಕ್ ಸೈಲೆನ್ಸ್’: ಹೆಲ್ಮುಟ್ ವೆನ್ಸ್ಕೆ ಬರೆದ ಆ ವರ್ಣಮಯ ದುಃಸ್ವಪ್ನಕ್ಕೆ ಹನ್ನೆರಡು ಇಂಚಿನ ಅಗಲವೇ ಬೇಕು.

ಇನ್ನೂ ತೀರ್ಮಾನವಾಗದವರು ಒಂದು ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ‘ಲೈಲಾ’ದ ಎರಡೂ ಭಾಗ, ‘ರಾಂಬೊ ಝಾಂಬೊ’, ‘ಟಾವೊ’, ಈ ಕ್ರಮದಲ್ಲಿ ಕೇಳಿ. ನಡುವೆ ಮೊಬೈಲಿನ ಬೇರೆ ಪರದೆಗೆ ಹೋಗಬೇಡಿ. ಮೂರೂ ಮುಗಿದ ಮೇಲೆ ಬೆರಳು ತಾನಾಗಿ ಯಾವುದನ್ನು ಹಿಂದಕ್ಕೆ ಎಳೆಯುತ್ತದೋ ಆ ಆಲ್ಬಮನ್ನು ಪೂರ್ತಿ ಕೇಳಿ. ಮೂರಕ್ಕೂ ಬೆರಳು ಏಳದಿದ್ದರೆ, ಆ ರಾತ್ರಿ ದೀಪ ಆರಿಸಿ ಯಥಾ ಸಿದ್ರಾ ಹಾಕಿ.